ಬೆಲ್ಟ್ ಯಾರ ಸೊಂಟಕ್ಕೆ?

ಕರಾಟೆಯ ಒಂದು ಪಟ್ಟೂ ಗೊತ್ತಿಲ್ಲದೆ ಬೆಲ್ಟ್ ಕಟ್ಟಿಕೊಂಡವರು ಮೈಸೂರಿನಲ್ಲಿ ಈಗ ಕಡಿಮೆಯೇನಿಲ್ಲ. ಎಂಜಿನಿಯರಿಂಗ್ ಕೊನೆಯ ವರ್ಷದವರ, ಎಂಬಿಎ ಓದುತ್ತಿರುವವರ ರೆಸ್ಯೂಮೆ ತಿರುವಿ ನೋಡಿ. ಹವ್ಯಾಸಗಳ ಸಾಲಿಗಿಂತ ಸ್ವಲ್ಪ ಮೇಲೆ ‘ಲೀನ್ ಸಿಕ್ಸ್ ಸಿಗ್ಮಾ ವೈಟ್ ಬೆಲ್ಟ್’ ಅಂತಲೋ ‘ಯೆಲ್ಲೋ ಬೆಲ್ಟ್’ ಅಂತಲೋ ಇರುತ್ತದೆ. ಕೆಲಸದ ಜಾಗದಲ್ಲಿ ಕೆಲಸ ಸಾಗುವ ಬಗೆಯನ್ನೇ ಬಿಡಿಸಿ ನೋಡಿ, ತೊಡಕು ಎಲ್ಲಿದೆಯೆಂದು ಹುಡುಕಿ ತಿದ್ದುವ ವಿದ್ಯೆಯ ಮೊದಲ ಪಾಠ ಅದು. ಕೆಲವು ಗಂಟೆಗಳ ವಿಡಿಯೊ, ಕೊನೆಗೆ ಒಂದಷ್ಟು ಆಯ್ಕೆ ಪ್ರಶ್ನೆ, ಪಾಸಾದರೆ ಹೆಸರು ಅಚ್ಚಾದ ಪಿಡಿಎಫ್. ಮಧ್ಯಾಹ್ನ ಊಟ ಮುಗಿಸಿ ಕುಳಿತರೆ ಸಂಜೆ ಕಾಫಿಯ ಹೊತ್ತಿಗೆ ಬೆಲ್ಟು ಕೈಯಲ್ಲಿ.

ಇಂಥ ಕೋರ್ಸುಗಳನ್ನು ಆಡಿಕೊಳ್ಳುವುದು ಸುಲಭ. ಆದರೆ ಅವುಗಳ ಒಳಗಿನ ಸರಕು ಚೆನ್ನಾಗಿಯೇ ಇದೆ. ತಕರಾರಿರುವುದು ಅವು ಯಾರ ಕೈ ಸೇರುತ್ತಿವೆ ಎಂಬುದರಲ್ಲಿ. ತಿದ್ದುವುದಕ್ಕೆ ಕೈಯಲ್ಲಿ ಕೆಲಸವೇ ಇಲ್ಲದವರು ಇದನ್ನು ಕಲಿಯುತ್ತಿದ್ದಾರೆ. ಹೆಬ್ಬಾಳ, ಹೂಟಗಳ್ಳಿ, ಮೇಟಗಳ್ಳಿಯ ಶೆಡ್ಡುಗಳಲ್ಲಿ ಎಂಟು ಗಂಟೆ ಮೆಷಿನ್ ಮುಂದೆ ನಿಲ್ಲುವವರಿಗೆ, ಆಸ್ಪತ್ರೆಯ ಕೌಂಟರಿನಲ್ಲಿ ಕೂರುವವರಿಗೆ, ಕಚೇರಿಯಲ್ಲಿ ಕಡತ ನೂಕುವವರಿಗೆ ಇಂಥದ್ದೊಂದು ಪಾಠ ಇದೆಯೆಂಬ ಸುದ್ದಿಯೇ ಮುಟ್ಟಿಲ್ಲ.

ಎರಡು ಊರಿನ ನೀರು

ಲೀನ್ ಸಿಕ್ಸ್ ಸಿಗ್ಮಾ ಎಂಬ ಜೋಡಿ ಹೆಸರಿನಲ್ಲಿ ಎರಡು ಬೇರೆ ಊರಿನ ನೀರು ಸೇರಿಕೊಂಡಿದೆ. ಸಿಕ್ಸ್ ಸಿಗ್ಮಾ ಅಮೆರಿಕದ್ದು. 1986ರಲ್ಲಿ ಮೊಟೊರೊಲಾ ಕಂಪನಿಯ ಎಂಜಿನಿಯರ್ ಬಿಲ್ ಸ್ಮಿತ್ ಅದಕ್ಕೆ ರೂಪ ಕೊಟ್ಟರು. 1995ರಿಂದಾಚೆ ಜನರಲ್ ಎಲೆಕ್ಟ್ರಿಕ್‌ನ ಜಾಕ್ ವೆಲ್ಚ್ ಅದನ್ನು ತಮ್ಮ ಕಂಪನಿಯ ಮಂತ್ರ ಮಾಡಿಕೊಂಡ ಮೇಲೆ ಜಗತ್ತಿನ ಮ್ಯಾನೇಜರುಗಳಿಗೆಲ್ಲ ಅದರ ಹುಚ್ಚು ಹತ್ತಿತು. ಗುರಿ ಇಷ್ಟು: ತಪ್ಪಾಗಲು ಹತ್ತು ಲಕ್ಷ ಅವಕಾಶ ಇದ್ದರೂ ಆಗುವ ತಪ್ಪು 3.4ಕ್ಕಿಂತ ಹೆಚ್ಚಿರಬಾರದು.

ನೂರಕ್ಕೆ ತೊಂಬತ್ತೊಂಬತ್ತು ಸರಿಯಾದರೆ ಸಾಲದೇ ಎಂದು ಕೇಳುವವರಿದ್ದಾರೆ. ನಮ್ಮ ಮೈಸೂರಿನಲ್ಲೇ ರಿಸರ್ವ್ ಬ್ಯಾಂಕಿನ ನೋಟು ಮುದ್ರಣಾಲಯ ಇದೆಯಲ್ಲ, ಅದನ್ನಿಟ್ಟುಕೊಂಡೇ ಲೆಕ್ಕ ಹಾಕಿ. ಹತ್ತು ಲಕ್ಷ ನೋಟು ಅಚ್ಚಾಗಿ ನೂರಕ್ಕೆ ಒಂದು ಕೆಟ್ಟರೂ ಹತ್ತು ಸಾವಿರ ನೋಟು ರದ್ದಿ. ಸಿಕ್ಸ್ ಸಿಗ್ಮಾದ ಲೆಕ್ಕದಲ್ಲಿ ಮೂರೋ ನಾಲ್ಕೋ. ಅಲ್ಲಿ ಯಾವ ಪದ್ಧತಿ ಇದೆ ಎಂಬುದು ಬೇರೆ ಮಾತು. ಶೇಕಡಾ ತೊಂಬತ್ತೊಂಬತ್ತು ಎಂಬುದು ಶಾಲೆಯಲ್ಲಿ ಬೀಗುವ ಅಂಕವಾದರೂ ಕಾರ್ಖಾನೆಯಲ್ಲಿ ನಾಚಿಕೆಯ ಅಂಕವಾಗಬಹುದು ಎನ್ನುವುದಕ್ಕೆ ಈ ಗುಣಾಕಾರ ಸಾಕು. ಈ ಗುರಿಯತ್ತ ಸಾಗಲು ಐದು ಹೆಜ್ಜೆ ಹೇಳಿಕೊಡುತ್ತಾರೆ. ತೊಂದರೆ ಏನೆಂದು ಖಚಿತವಾಗಿ ಬರೆ, ಅಳೆ, ಕಾರಣ ಹುಡುಕು, ತಿದ್ದು, ಮತ್ತೆ ಹಳೇ ಚಾಳಿಗೆ ಬೀಳದಂತೆ ಕಾಯಿ. ಇಂಗ್ಲಿಷಿನ ಮೊದಲಕ್ಷರ ಸೇರಿಸಿ ಇದನ್ನು ‘ಡಿಮ್ಯಾಕ್’ ಎನ್ನುತ್ತಾರೆ. ನಮ್ಮವರು ಸಾಮಾನ್ಯವಾಗಿ ನಾಲ್ಕನೆಯದರಿಂದ ಶುರು ಮಾಡಿ ಅಲ್ಲೇ ನಿಲ್ಲುತ್ತಾರೆ.

ಲೀನ್ ಜಪಾನಿನದು. ಟೊಯೊಟಾದ ತಾಯಿಚಿ ಓನೊ ಕಟ್ಟಿದ ಉತ್ಪಾದನಾ ಪದ್ಧತಿಗೆ ಈ ಇಂಗ್ಲಿಷ್ ಹೆಸರು ಬಿದ್ದದ್ದು 1988ರಲ್ಲಿ, ಜಾನ್ ಕ್ರಾಫ್ಸಿಕ್ ಎಂಬವರ ಲೇಖನದಿಂದ. ಓನೊ ಏಳು ಬಗೆಯ ದಂಡವನ್ನು ಪಟ್ಟಿ ಮಾಡಿದರು: ಬೇಕಾದ್ದಕ್ಕಿಂತ ಹೆಚ್ಚು ಮಾಡಿಟ್ಟುಕೊಳ್ಳುವುದು, ಕಾಯುವುದು, ಮಾಲನ್ನು ಸುಮ್ಮನೆ ಅತ್ತಿಂದಿತ್ತ ಸಾಗಿಸುವುದು, ಗಿರಾಕಿ ಕೇಳದ ನಯನಾಜೂಕು ಮಾಡುವುದು, ರಾಶಿ ದಾಸ್ತಾನು, ಆಳಿನ ವೃಥಾ ಓಡಾಟ, ಕೆಟ್ಟ ಮಾಲು. ಆಮೇಲಿನವರು ಎಂಟನೆಯದೊಂದನ್ನು ಸೇರಿಸಿದರು. ಕೆಲಸಗಾರನ ತಲೆಯನ್ನು ಬಳಸಿಕೊಳ್ಳದೇ ಇರುವುದು. ನನ್ನನ್ನು ಕೇಳಿದರೆ ಮೊದಲ ಏಳೂ ಹುಟ್ಟುವುದು ಈ ಎಂಟನೆಯದರ ಹೊಟ್ಟೆಯಲ್ಲಿ.

ಸ್ಟೋರಿನ ಕೀ

ಪಾಠದಲ್ಲಿ ‘ಐದು ಸಲ ಯಾಕೆ ಅಂತ ಕೇಳಿ’ ಎಂಬ ಭಾಗ ಬರುತ್ತದೆ. ವಿಡಿಯೊದವರು ಇದಕ್ಕೆ ಕೊಡುವ ಉದಾಹರಣೆಗಳು ಬಹುತೇಕ ಹೊರದೇಶದವು. ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಾಧಾರಣ ಶೆಡ್ಡನ್ನು ಮನಸ್ಸಿನಲ್ಲಿಟ್ಟುಕೊಂಡು ನಾವೇ ಒಂದು ಕಟ್ಟಿಕೊಳ್ಳೋಣ. ಎರಡು ಸಿಎನ್‌ಸಿ, ಮೂರು ಹಳೇ ಲೇತು, ಒಂದು ಡ್ರಿಲ್ಲಿಂಗ್ ಮೆಷಿನ್. ದೊಡ್ಡ ಕಂಪನಿಯೊಂದಕ್ಕೆ ಬುಷ್ ಮಾಡಿಕೊಡುವ ಜಾಬ್ ವರ್ಕು. ರಾತ್ರಿ ಪಾಳಿಯಲ್ಲಿ ನಲವತ್ತು ಪೀಸು ರಿಜೆಕ್ಟ್. ಬೋರು, ಅಂದರೆ ನಡುವಿನ ತೂತು, ದೊಡ್ಡದಾಗಿದೆ. ದೊಡ್ಡದಾದ ಬೋರನ್ನು ಚಿಕ್ಕದು ಮಾಡಲು ಬರುವುದಿಲ್ಲ, ನಲವತ್ತೂ ಸ್ಕ್ರಾಪಿಗೆ.

ಬೆಳಿಗ್ಗೆ ಮಾಮೂಲಿನಂತೆ ನಡೆಯುವುದೇನು? ಸೂಪರ್‌ವೈಸರ್ ಬಂದು ಟರ್ನರನ್ನು ಬಯ್ಯುತ್ತಾರೆ. ಆತ ತಲೆ ತಗ್ಗಿಸಿಕೊಂಡು ನಿಲ್ಲುತ್ತಾನೆ. ‘ನೋಡ್ಕೊಂಡ್ ಮಾಡೋ’ ಎಂಬ ಉಪದೇಶದೊಂದಿಗೆ ವಿಚಾರಣೆ ಮುಗಿಯುತ್ತದೆ. ಮುಂದಿನ ತಿಂಗಳು ಮತ್ತೆ ನಲವತ್ತು.

ಬಯ್ಯುವ ಬದಲು ಕೇಳುತ್ತಾ ಹೋದರೆ ಕಥೆ ಬೇರೆ. ಬೋರು ಯಾಕೆ ದೊಡ್ಡದಾಯಿತು? ಲೋಹ ಕೊರೆಯುವ ಇನ್‌ಸರ್ಟ್ ಸವೆದಿತ್ತು. ಸವೆದ ಹಾಗೆಲ್ಲ ಆಪರೇಟರು ಆಫ್‌ಸೆಟ್ ಕೊಟ್ಟು ಸರಿದೂಗಿಸುತ್ತಾ ಹೋಗಿ ಕೊನೆಗೆ ಅಂದಾಜು ತಪ್ಪಿದೆ. ಸವೆದ ಇನ್‌ಸರ್ಟನ್ನು ಯಾಕೆ ಬದಲಿಸಲಿಲ್ಲ? ‘ಹೊಸದು ಇರಲಿಲ್ಲ ಸಾರ್.’ ಯಾಕಿರಲಿಲ್ಲ? ‘ಸ್ಟೋರಿಗೆ ಬೀಗ ಹಾಕಿತ್ತು.’ ಕೀ ಯಾಕೆ ಶಿಫ್ಟಿನವರ ಹತ್ತಿರ ಇಲ್ಲ? ಹಿಂದೆ ಯಾವಾಗಲೋ ಒಂದು ಡಬ್ಬಿ ಇನ್‌ಸರ್ಟ್ ಕಳೆದುಹೋಗಿತ್ತು, ಅಂದಿನಿಂದ ಕೀ ಯಜಮಾನರ ಮನೆಯಲ್ಲಿ. ಹಾಗಾದರೆ ಒಂದು ಇನ್‌ಸರ್ಟಿನಲ್ಲಿ ಎಷ್ಟು ಪೀಸು ಮಾಡಬಹುದು, ಒಂದು ರಾತ್ರಿಗೆ ಎಷ್ಟು ಬೇಕು ಎಂದು ಲೆಕ್ಕ ಹಾಕಿ ಅಷ್ಟನ್ನು ಕೊಟ್ಟು ಹೋಗಬಹುದಿತ್ತಲ್ಲ? ಆ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ.

ಟರ್ನರಿನಿಂದ ಹೊರಟ ಪ್ರಶ್ನೆ ಯಜಮಾನರ ಮನೆಯ ಗೂಟಕ್ಕೆ ಬಂದು ನಿಂತಿತು. ಈ ಪದ್ಧತಿಯ ಸೊಗಸೂ ಇದೇ, ತೊಂದರೆಯೂ ಇದೇ. ನಾಲ್ಕನೇ ‘ಯಾಕೆ’ಯ ಹೊತ್ತಿಗೆ ಪ್ರಶ್ನೆ ಮೇಲಕ್ಕೆ ಹತ್ತತೊಡಗುತ್ತದೆ. ಕೇಳುವವನು ಇಪ್ಪತ್ತೆರಡು ವರ್ಷದ ಯೆಲ್ಲೋ ಬೆಲ್ಟ್ ಟ್ರೈನಿಯಾಗಿದ್ದರೆ ಮೂರಕ್ಕೇ ನಿಲ್ಲಿಸಿಬಿಡುತ್ತಾನೆ, ಅವನಿಗೂ ಪ್ರೊಬೇಷನ್ ಮುಗಿಯಬೇಕಲ್ಲ. ಹೀಗಾಗಿ ಮೊದಲ ಬೆಲ್ಟನ್ನು ಯಜಮಾನರೇ ಕಟ್ಟಿಕೊಳ್ಳುವುದು ಒಳ್ಳೆಯದು, ಎರಡನೆಯದನ್ನು ಟರ್ನರು. ನಡುವಿನವರು ಆಮೇಲೆ.

ಮೈಸೂರಿಗೆ ಹೊಸತೇ?

‘ಐದು ಯಾಕೆ’ಯನ್ನು ಶುರು ಮಾಡಿದವರು ಎಂದು ಟೊಯೊಟಾದವರು ಹೆಸರಿಸುವುದು ಸಾಕಿಚಿ ಟೊಯೊಡಾ ಅವರನ್ನು. ಕಾರಿಗೂ ಮೊದಲು ಆ ಮನೆತನದ್ದು ಮಗ್ಗದ ಕಸುಬು. ನೂಲು ಹರಿದರೆ ತಾನೇ ನಿಲ್ಲುವ ಮಗ್ಗ ಅವರ ಹೆಸರನ್ನು ಉಳಿಸಿತು. ತಪ್ಪು ಬಟ್ಟೆ ಗಜಗಟ್ಟಲೆ ನೇಯ್ದು ಆಮೇಲೆ ಅಳುವುದಕ್ಕಿಂತ ಆ ಕ್ಷಣವೇ ನಿಲ್ಲು ಎಂಬುದು ಲೀನ್ ಪದ್ಧತಿಯ ಒಂದು ಕಂಬ. ಸಾಕಿಚಿ 1890ರ ದಶಕದ ಕೊನೆಯಲ್ಲಿ ಯಂತ್ರ ಮಗ್ಗದ ಬೆನ್ನು ಹತ್ತಿದ್ದ ಹೊತ್ತಿನಲ್ಲೇ, 1898ರಲ್ಲಿ, ಮುಂಬೈ ಪ್ರಾಂತದ ನೌಕರಿಯಲ್ಲಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿ ಅಲ್ಲಿನ ಕೈಗಾರಿಕೆ, ಶಿಕ್ಷಣಗಳನ್ನು ನೋಡಿಬಂದರು. ಇಬ್ಬರೂ ಭೇಟಿಯಾದರೆಂದು ಯಾರೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಜಪಾನು ವಿಶ್ವೇಶ್ವರಯ್ಯನವರ ಮನಸ್ಸಿನಲ್ಲಿ ಕೂತದ್ದು ಮಾತ್ರ ಖರೆ.

1909ರಲ್ಲಿ ಮುಖ್ಯ ಎಂಜಿನಿಯರಾಗಿ ಮೈಸೂರಿಗೆ ಬಂದು, 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಅವರು ಕಟ್ಟಿಸಿದ್ದನ್ನು ನಾವು ಬಾಯಿಪಾಠ ಒಪ್ಪಿಸುತ್ತೇವೆ: ಕನ್ನಂಬಾಡಿ, ಮೈಸೂರು ಬ್ಯಾಂಕು, ವಿಶ್ವವಿದ್ಯಾನಿಲಯ, ಸಾಬೂನು, ಗಂಧದೆಣ್ಣೆ. ಆ ಪಟ್ಟಿಯಲ್ಲಿ ಬಾರದ ಒಂದು ಕೆಲಸವಿದೆ. ಸರ್ಕಾರಿ ಕಚೇರಿಗಳ ದಕ್ಷತೆಯನ್ನೇ ತಪಾಸಣೆ ಮಾಡುವ ‘ಎಫಿಷಿಯೆನ್ಸಿ ಆಡಿಟ್’ ಪದ್ಧತಿಯನ್ನು ಅವರು ಜಾರಿಗೆ ತಂದರು. ಹಣದ ಲೆಕ್ಕಕ್ಕೆ ಆಡಿಟ್ ಇರುವ ಹಾಗೆ ಕೆಲಸದ ನಡೆಗೂ ಇರಲಿ ಎಂಬ ವಿಚಾರ ಅದು. ಮೊಟೊರೊಲಾ ಕಂಪನಿ ಹುಟ್ಟುವುದಕ್ಕೂ ಮುಂಚಿನ ಮಾತು. ಅಣೆಕಟ್ಟೆಗೆ ಹೂವಿನ ಹಾರ ಹಾಕಬಹುದು, ಆಡಿಟ್ಟಿಗೆ ಹಾಕಲು ಬರುವುದಿಲ್ಲ. ಅದಕ್ಕೇ ನಾವು ಅದನ್ನು ಮರೆತೆವೇನೊ.

ಯುದ್ಧದಲ್ಲಿ ಸೋತು ಕೂತಿದ್ದ ಜಪಾನು 1950ರಲ್ಲಿ ಅಮೆರಿಕದ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ಅವರನ್ನು ಕರೆಸಿ ಸಂಖ್ಯಾಶಾಸ್ತ್ರದಿಂದ ಗುಣಮಟ್ಟ ಕಾಯುವ ಪಾಠ ಕೇಳಿತು. ಅದಕ್ಕಿಂತ ಎರಡು ಮೂರು ವರ್ಷ ಮೊದಲೇ, 1947–48ರಲ್ಲಿ, ಡೆಮಿಂಗ್ ಯಾರನ್ನು ಗುರು ಎನ್ನುತ್ತಿದ್ದರೋ ಆ ವಾಲ್ಟರ್ ಶೂಹಾರ್ಟ್ ಅವರೇ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಕರೆದರೆಂದು ಭಾರತಕ್ಕೆ ಬಂದು ಪಾಠ ಮಾಡಿ ಹೋಗಿದ್ದರು. ಗುರು ನಮಗೆ ಮೊದಲು ಸಿಕ್ಕರು, ವಿದ್ಯೆ ಅವರಿಗೆ ಹತ್ತಿತು. ಜಪಾನಿನಲ್ಲಿ ಅದನ್ನು ಫೋರ್‌ಮನ್ನಿನವರೆಗೆ, ಆಪರೇಟರಿನವರೆಗೆ ಇಳಿಸಿದರು. ರೇಡಿಯೊದಲ್ಲಿ ಫೋರ್‌ಮನ್ನುಗಳಿಗೆಂದೇ ಗುಣಮಟ್ಟದ ಪಾಠ ಬಿತ್ತರವಾಗುತ್ತಿತ್ತು. ಇವತ್ತಿನ ಆನ್‌ಲೈನ್ ಕೋರ್ಸಿನ ಅಜ್ಜ ಅದು. ನಮ್ಮಲ್ಲಿ ಅದು ಬಹುಕಾಲ ಸಂಸ್ಥೆಗಳ ತರಗತಿಯಲ್ಲೇ ಉಳಿಯಿತು. ಕೆಲಸಗಾರರೇ ಸಣ್ಣ ಗುಂಪಾಗಿ ಕುಳಿತು ತಮ್ಮ ತೊಡಕು ಬಗೆಹರಿಸುವ ‘ಕ್ವಾಲಿಟಿ ಸರ್ಕಲ್’ ಇಲ್ಲಿಗೆ ಬಂದದ್ದು 1980ರಲ್ಲಿ, ಹೈದರಾಬಾದಿನ ಬಿಎಚ್‌ಇಎಲ್‌ಗೆ. ತಂದವರು ಎಸ್.ಆರ್. ಉಡುಪ.

ಈಗ ಮೈಸೂರಿನ ಆಸುಪಾಸಿನಲ್ಲೇ ನೋಡಿ ಕಲಿಯುವಷ್ಟು ಇದೆ. ನಂಜನಗೂಡು ರಸ್ತೆಯಲ್ಲಿ ಕಡಕೊಳದ ಹತ್ತಿರ ಕಾರ್ಖಾನೆ ಇಟ್ಟಿರುವ ಟಿವಿಎಸ್ ಮೋಟರ್ ಕಂಪನಿ 2002ರಲ್ಲಿ ಡೆಮಿಂಗ್ ಪ್ರಶಸ್ತಿ ಪಡೆಯಿತು. ಬೆಂಗಳೂರು ರಸ್ತೆಯ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಇದೆ. ಅಲ್ಲಿ 2007ರಿಂದ ಹಳ್ಳಿಯ ಹತ್ತನೇ ತರಗತಿ ಮುಗಿಸಿದ ಮಕ್ಕಳನ್ನು ಆರಿಸಿಕೊಂಡು ತರಬೇತಿ ಕೊಡುವ ಶಾಲೆಯೂ ನಡೆದಿದೆ. ದೊಡ್ಡ ಕಂಪನಿಗೆ ಮಾಲು ಒದಗಿಸುವ ಶೆಡ್ಡುಗಳಿಗೂ ಇದರ ಗಾಳಿ ಬೀಸಿದೆ, ಒಪ್ಪುತ್ತೇನೆ. ಗೋಡೆಯ ಮೇಲೆ ‘5ಎಸ್’ ಬೋರ್ಡು ಹಲವು ಕಡೆ ನೇತಾಡುತ್ತದೆ. ಬೇಡದ್ದನ್ನು ತೆಗೆ, ಬೇಕಾದ್ದಕ್ಕೆ ಜಾಗ ಗೊತ್ತು ಮಾಡು, ಒರೆಸು, ಅದನ್ನೇ ಕ್ರಮ ಮಾಡು, ಆ ಕ್ರಮ ತಪ್ಪಬೇಡ ಎಂಬ ಐದು ಜಪಾನಿ ಮಾತುಗಳ ಮೊದಲಕ್ಷರ ಅದು. ಗಿರಾಕಿ ಕಂಪನಿಯವರು ಆಡಿಟ್ಟಿಗೆ ಬರುವ ಹಿಂದಿನ ಸಂಜೆ ಆಯುಧಪೂಜೆಯಂತೆ ಎಲ್ಲವನ್ನೂ ತೊಳೆದು, ನೆಲಕ್ಕೆ ಹಳದಿ ಗೆರೆ ಎಳೆದು, ಅವರು ಹೋದ ಮರುದಿನ ಮತ್ತೆ ಅದೇ ಗೆರೆಯ ಮೇಲೆ ಸ್ಕ್ರಾಪ್ ಬಿನ್ ಇಡುವ ಶೆಡ್ಡುಗಳೂ ಉಂಟು.

ಪುಕ್ಕಟೆ ಸಿಗುವುದು, ದುಡ್ಡಿಗೆ ಸಿಗುವುದು

ಸಣ್ಣ ಕೈಗಾರಿಕೆಯವರಿಗೆ ಈ ಪಾಠ ಸರ್ಕಾರದ ಕಡೆಯಿಂದಲೇ ಸಿಗುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಕೇಂದ್ರದ ಎಂಎಸ್‌ಎಂಇ ಸಚಿವಾಲಯ 2023ರ ಮಾರ್ಚ್ 10ರಂದು ‘ಎಂಎಸ್‌ಎಂಇ ಕಾಂಪಿಟಿಟಿವ್ ಲೀನ್’ ಎಂಬ ಯೋಜನೆಯನ್ನು ಹೊಸದಾಗಿ ಹೊರತಂದಿತು. ಉದ್ಯಮ್ ನೋಂದಣಿ ಇರುವ ಘಟಕದವರು ಯೋಜನೆಯ ಪೋರ್ಟಲಿನಲ್ಲಿ ಒಂದು ಪ್ರತಿಜ್ಞೆ ಒಪ್ಪಿ, ಆನ್‌ಲೈನ್ ಪಾಠ ಮುಗಿಸಿದರೆ ‘ಬೇಸಿಕ್’ ಹಂತದ ಪ್ರಮಾಣಪತ್ರ ಸಿಗುತ್ತದೆ. ಖರ್ಚಿಲ್ಲ. ಅದರ ಮೇಲಿನ ಎರಡು ಹಂತಗಳಲ್ಲಿ ಸಲಹೆಗಾರರು ಶೆಡ್ಡಿಗೇ ಬಂದು ತಿಂಗಳುಗಟ್ಟಲೆ ಕೈ ಹಿಡಿದು ಮಾಡಿಸುತ್ತಾರೆ. ಆ ಖರ್ಚಿನ ಶೇ 90ರಷ್ಟನ್ನು ಸರ್ಕಾರ ಭರಿಸುತ್ತದೆ, ಮಹಿಳೆಯರ ಮತ್ತು ಪರಿಶಿಷ್ಟರ ಒಡೆತನದ ಘಟಕವಾದರೆ ಇನ್ನೂ ಶೇ 5. ರಾಷ್ಟ್ರೀಯ ಉತ್ಪಾದಕತಾ ಮಂಡಳಿ ಮತ್ತು ಭಾರತೀಯ ಗುಣಮಟ್ಟ ಮಂಡಳಿ ಇದರ ಉಸ್ತುವಾರಿ ನೋಡಿಕೊಳ್ಳುತ್ತವೆ.

ಹೆಚ್ಚು ಆಳಕ್ಕೆ ಇಳಿಯುವವರಿಗೆ ‘ಸ್ವಯಂ’ ವೇದಿಕೆಯಲ್ಲಿ ಐಐಟಿ ಪ್ರಾಧ್ಯಾಪಕರ ಎನ್‌ಪಿಟಿಇಎಲ್ ಪಾಠಗಳಿವೆ. ಸಿಕ್ಸ್ ಸಿಗ್ಮಾ ಮೇಲೆಯೇ ವಾರಗಟ್ಟಲೆ ನಡೆಯುವ ಕೋರ್ಸು ಇದೆ. ನೋಡುವುದಕ್ಕೆ ದುಡ್ಡಿಲ್ಲ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆದು ಸರ್ಟಿಫಿಕೇಟು ಬೇಕೆಂದರೆ ಮಾತ್ರ ಶುಲ್ಕ. ಎರಡು ಗಂಟೆಯ ವೈಟ್ ಬೆಲ್ಟಿಗಿಂತ ಇದರಲ್ಲಿ ಬೆವರು ಹೆಚ್ಚು, ಬೆಲೆಯೂ ಹೆಚ್ಚು. ಸಂಖ್ಯಾಶಾಸ್ತ್ರ ಬೇಕೇ ಬೇಕೆನ್ನುವವರಿಗೆ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಬೆಂಗಳೂರು ಕೇಂದ್ರ ಮೈಸೂರು ರಸ್ತೆಯಲ್ಲೇ ಇದೆ.

ಖಾಸಗಿ ಬೆಲ್ಟುಗಳ ವಿಷಯದಲ್ಲಿ ಎಚ್ಚರ ಬೇಕು. ವೈದ್ಯರಿಗೆ, ವಕೀಲರಿಗೆ ಇರುವಂತೆ ಸಿಕ್ಸ್ ಸಿಗ್ಮಾಕ್ಕೆ ಜಗತ್ತಿನಲ್ಲಿ ಒಂದೇ ಒಂದು ಪರಿಷತ್ತು ಇಲ್ಲ. ಯಾರು ಬೇಕಾದರೂ ಬೆಲ್ಟ್ ಕೊಡಬಹುದು, ಕೊಡುತ್ತಲೂ ಇದ್ದಾರೆ. ಪುಕ್ಕಟೆ ವೈಟ್ ಬೆಲ್ಟ್ ಕೊಡುವ ಸಂಸ್ಥೆಗಳಿವೆ, ಅದೇ ಪಾಠಕ್ಕೆ ಸಾವಿರಗಟ್ಟಲೆ ಕೇಳುವವರೂ ಇದ್ದಾರೆ. ಹೆಸರಿರುವ ಸಂಸ್ಥೆಗಳು ಮೇಲಿನ ಹಂತದಲ್ಲಿ ಬಿಗಿ ಹಿಡಿಯುತ್ತವೆ. ಅಮೆರಿಕದ ಎಎಸ್‌ಕ್ಯೂ ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ಕೂರಿಸುವ ಮುಂಚೆ ನಿಜವಾಗಿ ಮಾಡಿ ಮುಗಿಸಿದ ಪ್ರಾಜೆಕ್ಟಿಗೆ ಸಹಿ ಮಾಡಿಸಿದ ಪ್ರಮಾಣಪತ್ರ ಕೇಳುತ್ತದೆ. ಮೊದಲ ಹಂತಕ್ಕೆ ಹಾಗೇನೂ ಇಲ್ಲ. ಹೀಗಾಗಿ ಮೊದಲ ಬೆಲ್ಟಿಗೆ ದುಡ್ಡು ಸುರಿಯುವುದು, ನನ್ನ ಮಟ್ಟಿಗೆ, ಓನೊ ಪಟ್ಟಿಗೇ ಸೇರಬೇಕಾದ ಇನ್ನೊಂದು ದಂಡ. ನೌಕರಿಗೆ ಆಳು ತೆಗೆದುಕೊಳ್ಳುವವರು ಬೆಲ್ಟಿನ ಬಣ್ಣ ಬಿಟ್ಟು ‘ಏನು ಅಳೆದೆ? ಮೊದಲು ಎಷ್ಟಿತ್ತು? ಆಮೇಲೆ ಎಷ್ಟಾಯಿತು?’ ಎಂದು ಮೂರು ಪ್ರಶ್ನೆ ಕೇಳಿದರೆ ಈ ವ್ಯಾಪಾರ ಅರ್ಧ ಇಳಿಯುತ್ತದೆ.

ಸ್ಟಾಪ್‌ವಾಚ್ ಕಂಡರೆ ಭಯ

ಪಾಠಗಳು ಹಾರಿಸಿಬಿಡುವ ಒಂದು ವಿಷಯವಿದೆ, ಭಯ. ಪಕ್ಕದಲ್ಲಿ ಯಾರಾದರೂ ಸ್ಟಾಪ್‌ವಾಚ್ ಹಿಡಿದು ನಿಂತರೆ ಕೆಲಸಗಾರನಿಗೆ ಅನ್ನಿಸುವುದು ಒಂದೇ: ಒಂದೋ ಟಾರ್ಗೆಟ್ ಏರಿಸುತ್ತಾರೆ, ಇಲ್ಲವೇ ಆಳು ಇಳಿಸುತ್ತಾರೆ. ಈ ಅನುಮಾನ ಶತಮಾನದಷ್ಟು ಹಳೆಯದು. ಫ್ರೆಡರಿಕ್ ಟೇಲರನ ಕಾಲಮಾಪನ ಪದ್ಧತಿ ತಂದಾಗ ಅಮೆರಿಕದ ವಾಟರ್‌ಟೌನ್ ಆಯುಧ ಕಾರ್ಖಾನೆಯ ಕೆಲಸಗಾರರು 1911ರಲ್ಲಿ ಮುಷ್ಕರ ಹೂಡಿದರು, ಆಮೇಲೆ ಅಲ್ಲಿನ ಸಂಸತ್ತು ಸರ್ಕಾರಿ ಆಯುಧ ಕಾರ್ಖಾನೆಗಳಲ್ಲಿ ಸ್ಟಾಪ್‌ವಾಚನ್ನೇ ತಡೆಯಿತು. ಅವರು ಹೆದರಿದ್ದು ಸುಳ್ಳಿಗಲ್ಲ. ‘ಪ್ರೊಸೆಸ್ ಸುಧಾರಣೆ’ ಹೆಸರಿನಲ್ಲಿ ಜನರನ್ನು ಮನೆಗೆ ಕಳಿಸಿದ ಕಂಪನಿಗಳು ಎಲ್ಲ ದೇಶದಲ್ಲೂ ಇವೆ. ಗಂಟೆಗೆ ಎರಡು ಪೀಸು ಹೆಚ್ಚು ಮಾಡುವ ಉಪಾಯ ತನಗೆ ಗೊತ್ತಿದ್ದರೂ ಹೇಳದೆ ಸುಮ್ಮನಿರುವ ಹಿರಿಯ ಆಪರೇಟರನ್ನು ಸೋಮಾರಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆ ಎರಡು ಪೀಸಿನ ಲಾಭದಲ್ಲಿ ಅವನಿಗೆ ಬರುವುದೇನು ಎಂದು ಯಜಮಾನರು ಮೊದಲೇ ಬಾಯಿಬಿಟ್ಟು ಹೇಳಬೇಕು. ಯಾವ ವಿಡಿಯೊದಲ್ಲೂ ಅದರ ಉತ್ತರ ಸಿಗುವುದಿಲ್ಲ.

ಇನ್ನು ಕಚೇರಿ. ಕರ್ನಾಟಕದಲ್ಲಿ 2012ರ ಏಪ್ರಿಲ್ 2ರಂದು, ಸರ್ಕಾರಿ ಸೇವೆಗಳನ್ನು ಗೊತ್ತಾದ ಗಡುವಿನೊಳಗೆ ಕೊಡಬೇಕೆನ್ನುವ ‘ಸಕಾಲ’ ಜಾರಿಗೆ ಬಂತು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ ಎಂದು ಕಾನೂನು. ಒಳ್ಳೆಯ ಕಾನೂನು ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಗಡುವು ಕೊಟ್ಟ ಮಾತ್ರಕ್ಕೆ ಕಡತ ನಡೆಯುವ ದಾರಿ ಹತ್ತಿರವಾಗುವುದಿಲ್ಲ. ಇಪ್ಪತ್ತೊಂದು ದಿನ ಎಂದರೆ ಇಪ್ಪತ್ತನೇ ದಿನದವರೆಗೂ ಮೇಜಿನ ಮೇಲೆ ಮಲಗುವ ಹಕ್ಕು ಅದಕ್ಕೆ ಸಿಕ್ಕಂತೆ. ಜಾನ್ ಲಿಟಲ್ ಎಂಬ ಪ್ರಾಧ್ಯಾಪಕರು 1961ರಲ್ಲಿ ಸಾಧಿಸಿ ತೋರಿಸಿದ ಸರಳ ಸೂತ್ರವೊಂದನ್ನು ಇಲ್ಲಿ ಹಚ್ಚಿ ನೋಡಬಹುದು. ದಿನಕ್ಕೆ ಅರವತ್ತು ಅರ್ಜಿ ಬಂದು ಅರವತ್ತು ವಿಲೇವಾರಿಯಾಗುತ್ತಿದ್ದು, ಮೇಜಿನ ಮೇಲೆ ಯಾವಾಗಲೂ ಆರುನೂರು ಬಾಕಿ ಇದ್ದರೆ ಇವತ್ತು ಕೊಟ್ಟ ಅರ್ಜಿಯ ಸರದಿ ಸರಾಸರಿ ಹತ್ತು ದಿನಕ್ಕೆ. ಬಾಕಿ ಅಷ್ಟೇ ಇರುವವರೆಗೆ ಗುಮಾಸ್ತರು ಎಷ್ಟು ಚುರುಕಾಗಿದ್ದರೂ ಆ ಹತ್ತು ದಿನ ಕರಗುವುದಿಲ್ಲ, ಯಾಕೆಂದರೆ ಅರ್ಜಿಗೆ ತಗಲುವ ಕೆಲಸ ಹತ್ತು ನಿಮಿಷದ್ದಿರಬಹುದು, ಉಳಿದದ್ದೆಲ್ಲ ರಾಶಿಯ ಕೆಳಗೆ ಕಾಯುವುದು. ಎಂಟು ಭಾನುವಾರ ಕೂತು ಬಾಕಿಯನ್ನು ಆರುನೂರರಿಂದ ನೂರಿಪ್ಪತ್ತಕ್ಕೆ ಇಳಿಸಿದರೆ ಅಷ್ಟೇ ಜನ, ಅಷ್ಟೇ ಅರ್ಜಿ, ಎರಡೇ ದಿನ. ಆಸ್ಪತ್ರೆಯ ಹೊರರೋಗಿ ಸಾಲಿಗೂ ಲೆಕ್ಕ ಇದೇ.

ಈ ಲೆಕ್ಕವನ್ನು ಕನ್ನಡದಲ್ಲಿ ಹೇಳಿಕೊಡುವವರು ಬೇಕು. ಈಗಿರುವ ಪಾಠಗಳ ಭಾಷೆ ಬಹುಪಾಲು ಇಂಗ್ಲಿಷ್, ಅಲ್ಲೊಂದು ಇಲ್ಲೊಂದು ಹಿಂದಿ. ಯಂತ್ರಾನುವಾದದ ಕನ್ನಡ ಓದಿದರೆ ಇಂಗ್ಲಿಷೇ ವಾಸಿ ಎನಿಸುತ್ತದೆ. ಶೆಡ್ಡಿನ ಕನ್ನಡದಲ್ಲಿ ‘ರೀವರ್ಕ್’, ‘ಸೆಟ್ಟಿಂಗ್’, ‘ಚಲನ್’ ಎಲ್ಲ ಹಾಗೇ ಇರಲಿ, ಅವನ್ನು ಸಂಸ್ಕೃತಕ್ಕೆ ತಿರುಗಿಸಿ ಟರ್ನರಿನ ತಲೆ ತಿನ್ನುವುದು ಬೇಡ. ದೂರಶಿಕ್ಷಣದಲ್ಲಿ ಮೈಸೂರಿಗೆ ಪಳಗಿದ ಕೈ ಇದೆ. ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಶಿಕ್ಷಣ ಶುರು ಮಾಡಿತ್ತು, 1996ರಲ್ಲಿ ಅದರ ಮುಂದುವರಿಕೆಯಾಗಿ ಮುಕ್ತಗಂಗೋತ್ರಿಯಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಬಂತು. ಅಲ್ಲಿನ ಸ್ಟುಡಿಯೊ, ಇಲ್ಲಿನ ಕೈಗಾರಿಕಾ ಸಂಘ, ಎಂಜಿನಿಯರಿಂಗ್ ಕಾಲೇಜುಗಳ ಮೇಷ್ಟ್ರು ಸೇರಿದರೆ ಹತ್ತು ಹತ್ತು ನಿಮಿಷದ ಹನ್ನೆರಡು ಪಾಠ ತಯಾರಿಸುವುದು ಹೊರಲಾರದ ಹೊರೆಯಲ್ಲ. ಕ್ಯಾಮೆರಾವನ್ನು ಸ್ಲೈಡಿನ ಮೇಲಿಂದ ತೆಗೆದು ಲೇತಿನ ಪಕ್ಕ ಇಟ್ಟರೆ ಸಾಕು. ವಿದ್ಯುತ್ ಕಂಪನಿಯವರು ದುರಸ್ತಿಗೆಂದು ಕರೆಂಟ್ ತೆಗೆದು ಇಡೀ ಹೆಬ್ಬಾಳ ಕೈಕಟ್ಟಿ ಕೂರುವ ದಿನಗಳಿರುತ್ತವೆ, ಅಂದು ಮೊಬೈಲಿನಲ್ಲೇ ನಾಲ್ಕು ಪಾಠ ಮುಗಿಯುತ್ತವೆ. ಪರೀಕ್ಷೆ ಬೇಕೇ ಬೇಕೆಂದರೆ ಬಾಯಿಮಾತಿನಲ್ಲಿ, ಅವರವರ ಮೆಷಿನ್ ಪಕ್ಕದಲ್ಲೇ ನಡೆಯಲಿ, ಪ್ರಶ್ನೆ ಕೇಳುವ ಸರದಿ ಆಪರೇಟರಿಗೂ ಇರಲಿ.